ಸಮುದ್ರವಿಲ್ಲದ ಊರಿನಲ್ಲಿ ಹಳೆಯ ಡೈವಿಂಗ್ ವಾಚಿನ ಮೋಹ: ತೆಗೆದುಕೊಳ್ಳಲೇ, ಬಿಡಲೇ?

ಪ್ರಶ್ನೆ: ಗುಮ್ಮಟದ ನೆರಳು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಇತಿಹಾಸ ಪಾಠ ಹೇಳುವವನು. ಮದುವೆಯಲ್ಲಿ ಮಾವನವರು ಕೊಟ್ಟ ವಾಚಿಗೆ ಎರಡು ವರ್ಷಕ್ಕೊಮ್ಮೆ ಸೆಲ್ ಹಾಕಿಸಬೇಕು ಎಂಬುದನ್ನು ಬಿಟ್ಟರೆ ಗಡಿಯಾರಗಳ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಕಳೆದ ತಿಂಗಳು ಅದೇ ಕೆಲಸಕ್ಕೆಂದು ಗಾಂಧಿ ಚೌಕದ ಹತ್ತಿರ ರಿಪೇರಿಯವರ ಬಳಿ ಹೋದಾಗ, ಅವರ ಮೇಜಿನ ಗಾಜಿನ ಕೆಳಗೆ ಎಂಟು ಹತ್ತು ಹಳೆಯ ಎಚ್‌ಎಂಟಿಗಳ ನಡುವೆ ಕುಳಿತಿದ್ದ ದಪ್ಪನೆಯ ಒಂದು ವಾಚು ಕಣ್ಣಿಗೆ ಬಿತ್ತು. ಅಂದಿನಿಂದ ಬಹಮನಿ ಸುಲ್ತಾನರ ಪಾಠದ ನಡುವೆಯೂ ಅದೇ ನೆನಪಾಗುತ್ತಿದೆ.

ಅದು ಜಪಾನಿನ ಸೀಕೊ ಕಂಪನಿಯ ಡೈವಿಂಗ್ ವಾಚು. ಹಿಂಬದಿಯ ಮುಚ್ಚಳದ ನಡುವೆ ಎದ್ದು ಬರುತ್ತಿರುವ ಅಲೆಯ ಚಿತ್ರ, ಅದರ ಸುತ್ತಲಿನ ಬರಹದಲ್ಲಿ 6309-7040 ಎಂಬ ಅಂಕಿ, ಜೊತೆಗೆ 82ರಿಂದ ಆರಂಭವಾಗುವ ಆರು ಅಂಕಿಗಳ ಇನ್ನೊಂದು ಸಂಖ್ಯೆ ಇವೆ. ಕೇಸು, ಅಂದರೆ ವಾಚಿನ ಲೋಹದ ಮೈ, ಹೊಳೆಯಲ್ಲಿ ಉರುಳಿ ಉರುಳಿ ಮೂಲೆ ಕಳೆದುಕೊಂಡ ಕಲ್ಲಿನ ಹಾಗಿದೆ. ತಿರುಗಿಸುವ ಗುಂಡಿ ಎಲ್ಲ ವಾಚುಗಳಂತೆ 3ರ ಎದುರಿಗಿಲ್ಲ, ಸ್ವಲ್ಪ ಕೆಳಗೆ 4ರ ಎದುರಿಗಿದೆ. ಕಪ್ಪು ಡಯಲ್‌ನ ಮೇಲೆ ಅಂಕಿಗಳ ಬದಲು ದೊಡ್ಡ ಚುಕ್ಕೆಗಳಿವೆ; ಒಂದು ಕಾಲಕ್ಕೆ ಬೆಳ್ಳಗಿದ್ದಿರಬಹುದಾದ ಅವು ಈಗ ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿವೆ. ವಾರದ ಹೆಸರು ಇಂಗ್ಲಿಷಿನಲ್ಲಿಯೂ ಅರಬ್ಬಿಯಲ್ಲಿಯೂ ಬರುತ್ತದೆ. ಗಲ್ಫಿನಲ್ಲಿ ದುಡಿದು 1984ರಲ್ಲಿ ಊರಿಗೆ ಮರಳಿದ ಹಿರಿಯರೊಬ್ಬರದಂತೆ. ಈಗ ಅವರ ಮಕ್ಕಳು 28,000 ರೂಪಾಯಿ ಕೇಳುತ್ತಿದ್ದಾರೆ.

ನನ್ನ ಪ್ರಶ್ನೆ ಬೆಲೆಯದ್ದಷ್ಟೇ ಅಲ್ಲ. ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಕೃಷ್ಣೆಯ ಹಿನ್ನೀರನ್ನು ನೋಡಿದ್ದೇ ನನ್ನ ಜಲಸಾಹಸ, ಈಜು ಬರುವುದಿಲ್ಲ. ಕೊಲ್ಹಾರದ ಮೊಸರಿನ ಗಡಿಗೆಯೊಳಗೆ ಕೈ ಹಾಕಿದಷ್ಟು ಆಳವೇ ನನಗೆ ಪರಿಚಯ. ಹಾಗಿರುವಾಗ 150 ಮೀಟರ್ ಆಳಕ್ಕೆಂದು ಮಾಡಿದ ಯಂತ್ರವೊಂದು ನನ್ನನ್ನು ಹೀಗೆ ಹಿಡಿದಿಟ್ಟುಕೊಂಡಿರುವುದೇಕೆ? ಇಂಥ ವಾಚುಗಳನ್ನು ಸಂಗ್ರಹಿಸುವವರು ಅದರಲ್ಲಿ ಏನನ್ನು ನೋಡುತ್ತಾರೆ? ಇದು ಅಸಲಿಯೇ ಎಂದು ನನ್ನಂಥವನು ಹೇಗೆ ತಿಳಿಯಬೇಕು? ಕೊಂಡರೆ ನೀರಿಗೆ ಹಾಕಬಹುದೇ?

ಉತ್ತರ: ಉದ್ಯಮಬಾಗದ ಟರ್ನರ್ (ಬೆಳಗಾವಿ)

ಗುರುಗಳೇ, ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಕಸುಬಿನ ಕಡೆಯಿಂದ ಉತ್ತರ ಹೇಳುತ್ತೇನೆ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ಬಾರ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಹೆಚ್ಚುತ್ತದೆ. ನಿಮ್ಮ ಗೋಲಗುಂಬಜದ ಎತ್ತರ ಸುಮಾರು 51 ಮೀಟರ್. ಮೂರು ಗೋಲಗುಂಬಜಗಳನ್ನು ಒಂದರ ಮೇಲೊಂದು ಇಟ್ಟಷ್ಟು ನೀರಿನ ಕೆಳಗೆ ಈ ವಾಚು ಬದುಕಬೇಕೆಂದು ಅದನ್ನು ಮಾಡಿದವರು ಲೆಕ್ಕ ಹಾಕಿದ್ದರು. ಅದರ ಗಾಜಿನ ಅಡ್ಡಳತೆ ಮೂರು ಸೆಂಟಿಮೀಟರ್ ಎಂದು ಹಿಡಿದರೆ ಗಾಜಿನ ಮೇಲೆ ಬೀಳುವ ಭಾರ ನೂರು ಕಿಲೋ ದಾಟುತ್ತದೆ. ತುಂಬಿದ ಜೋಳದ ಚೀಲವೊಂದನ್ನು ಬಾಟಲಿಯ ಮುಚ್ಚಳದಷ್ಟು ಗಾಜಿನ ಮೇಲೆ ಇಟ್ಟ ಹಾಗೆ. ಒಳಗೆ ಮಾತ್ರ ಕೂದಲಿಗಿಂತ ತೆಳುವಾದ ಸ್ಪ್ರಿಂಗ್ ಒಂದು ಗಂಟೆಗೆ 21,600 ಬಾರಿ ಅತ್ತಿತ್ತ ಆಡುತ್ತಿರುತ್ತದೆ. ನಮ್ಮ ವಾಲ್ವ್‌ಗಳು 200 ಬಾರ್‌ಗೂ ಹೆಚ್ಚು ಒತ್ತಡ ತಡೆಯುವುದರಿಂದ, ಮೊದಮೊದಲು ನಾನು 15 ಬಾರ್ ಯಾವ ಲೆಕ್ಕ ಎಂದು ನಕ್ಕಿದ್ದೆ. ಆದರೆ ವಾಲ್ವಿನಲ್ಲಿ ಒಂದು ಹನಿ ಎಣ್ಣೆ ಜಿನುಗಿದರೆ ಬಟ್ಟೆಯಿಂದ ಒರೆಸಿ ಮುಂದೆ ಹೋಗುತ್ತೇವೆ. ವಾಚಿನೊಳಗೆ ಒಂದು ಹನಿ ನೀರು ಸೇರಿದರೆ ಅದರ ಕಥೆ ಮುಗಿಯಿತು.

ಇದರ ರೂಪವನ್ನು ಯಾರೂ ಚಂದಕ್ಕೆಂದು ಕೂತು ಬಿಡಿಸಿದಂತೆ ಕಾಣುವುದಿಲ್ಲ. ಗುಂಡಿ 4ರ ಕಡೆಗೆ ಸರಿದಿರುವುದರಿಂದ ಮಣಿಕಟ್ಟು ಮಡಿಚಿದಾಗ ಅದು ಕೈಗೆ ಚುಚ್ಚುವುದಿಲ್ಲ. ಅದನ್ನು ಎಳೆಯುವ ಮೊದಲು ಸ್ಕ್ರೂ ಬಿಚ್ಚಿದಂತೆ ತಿರುಗಿಸಬೇಕಾಗಿರುವುದರಿಂದ ನೀರಿನಡಿಯಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಇಂಥ ವಾಚುಗಳ ರಬ್ಬರ್ ಪಟ್ಟಿಯಲ್ಲಿ ಅಲೆಅಲೆಯ ಮಡಿಕೆಗಳು ಇರುವುದಕ್ಕೂ ಕಾರಣವಿದೆ. ಡೈವರ್ ತೊಡುವ ದಪ್ಪ ರಬ್ಬರಿನ ಉಡುಪು ಆಳದ ಒತ್ತಡಕ್ಕೆ ತೆಳುವಾಗುತ್ತದೆ, ಆಗ ಅದರ ಮೇಲೆ ಬಿಗಿದ ಪಟ್ಟಿ ಸಡಿಲಾಗುತ್ತದೆ. ಹಿಗ್ಗಿಸಿ ಕಟ್ಟಿದ ಮಡಿಕೆಗಳು ಆ ಸಡಿಲನ್ನು ತಾವೇ ಎಳೆದುಕೊಳ್ಳುತ್ತವೆ. ಸುಮ್ಮನೆ ಇಟ್ಟ ಗೆರೆ ಒಂದೂ ಇಲ್ಲದ ವಸ್ತುವನ್ನು ನೋಡಿದಾಗ ಕಣ್ಣಿಗೆ ಸಮಾಧಾನವಾಗುತ್ತದೆ. ನಿಮಗೆ ಆಗಿರುವುದೂ ಅದೇ ಎಂದು ನನ್ನ ಅಂದಾಜು.

ನೀರಿಗೆ ಹಾಕುವ ಮಾತು ಬೇರೆ. ನೀರು ಒಳಗೆ ನುಗ್ಗದಂತೆ ತಡೆಯುವ ರಬ್ಬರಿನ ಉಂಗುರ, ಅಂದರೆ ಗ್ಯಾಸ್ಕೆಟ್, ನಲವತ್ತು ವರ್ಷದಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ವಿಚಿತ್ರವೆಂದರೆ ಆಳಕ್ಕೆ ಇಳಿದಷ್ಟೂ ನೀರು ಗಾಜನ್ನೂ ಮುಚ್ಚಳವನ್ನೂ ಒಳಕ್ಕೆ ಒತ್ತಿ ಗ್ಯಾಸ್ಕೆಟ್ಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮುದಿ ಗ್ಯಾಸ್ಕೆಟ್ ಕೈಕೊಡುವುದು ಹೆಚ್ಚಾಗಿ ಸ್ನಾನದ ಬಕೆಟ್ಟಿನಲ್ಲಿಯೇ. ಹಿಂಬದಿಯ ಗ್ಯಾಸ್ಕೆಟ್‌ನ ಒಳ ಅಳತೆಯನ್ನೂ ದಪ್ಪವನ್ನೂ ತಿಳಿಸಿದರೆ ಇಲ್ಲಿ ಓ-ರಿಂಗ್ ಮಾರುವವರಲ್ಲಿ ಹುಡುಕಿ ಕಳಿಸುತ್ತೇನೆ. ಕೇಸಿನ ಗೀರುಗಳನ್ನು ಬಫಿಂಗ್ ಮಾಡಿಸಿದರೆ ಹೊಸದರಂತೆ ಹೊಳೆಯುತ್ತದೆ, ಅದಕ್ಕೂ ಇಲ್ಲಿ ಜನರಿದ್ದಾರೆ.

ಉತ್ತರ: ಅಪ್ಪನ ಭೂತಗನ್ನಡಿ (ಬೆಳಗಾವಿ)

ಅಣ್ಣನವರು ಬರೆದದ್ದೆಲ್ಲ ಸರಿ, ಕೊನೆಯ ಸಾಲೊಂದನ್ನು ಬಿಟ್ಟು. ದಯವಿಟ್ಟು ಬಫಿಂಗ್ ಮಾಡಿಸಬೇಡಿ, ಸರ್.

ನನ್ನ ತಂದೆ ಖಡೇಬಜಾರಿನಲ್ಲಿ ಮೂವತ್ತು ವರ್ಷ ವಾಚು ರಿಪೇರಿ ಮಾಡಿದವರು. ಅವರು ಹೊರಗೆ ಹೋಗಿದ್ದ ಒಂದು ಬೇಸಿಗೆಯಲ್ಲಿ ನಮ್ಮಜ್ಜನ ಫಾವ್ರೆ-ಲೂಬಾ ಸೀ ಚೀಫ್ ವಾಚನ್ನು, ಡಯಲ್ ಕಂದಿದೆ ಎಂದು ಮನೆಯವರು ಬೇರೊಂದು ಅಂಗಡಿಗೆ ಕೊಟ್ಟರು. ವಾಪಸು ಬಂದಾಗ ಡಯಲ್ ಫಳಫಳಿಸುತ್ತಿತ್ತು. ಕಂಪನಿಯ ಹೆಸರಿನ ಅಕ್ಷರಗಳು ಮಾತ್ರ ದಪ್ಪವಾಗಿ, ಒಂದು ಕಡೆಗೆ ವಾಲಿದ್ದವು, ನಿಮಿಷದ ಗೆರೆಗಳು ಎಣಿಸಿದರೆ ಐವತ್ತೊಂಬತ್ತೇ ಇದ್ದವು. ಅಪ್ಪ ಅದನ್ನು ಕಣ್ಣಿಗೆ ಹಿಡಿದು ನೋಡಿ, ಏನೂ ಮಾತನಾಡದೆ ಪೆಟ್ಟಿಗೆಯಲ್ಲಿಟ್ಟರು. ನೀವು ಇತಿಹಾಸದವರು, ನಿಮಗೆ ಬೇಗ ಅರ್ಥವಾಗುತ್ತದೆ: ಅಕ್ಷರ ಸವೆದಿದೆಯೆಂದು ಶಾಸನವನ್ನು ಉಳಿಯಿಂದ ಮತ್ತೆ ಕೆತ್ತಿಸಿದರೆ ಉಳಿಯುವುದು ಕಲ್ಲು ಮಾತ್ರ.

ಇಂಥ ಮರುಬಣ್ಣದ ವಾಚುಗಳು ನಮ್ಮ ದೇಶದಿಂದ ಎಷ್ಟು ಹೊರಟವೆಂದರೆ, ಹೊರದೇಶದ ಸಂಗ್ರಾಹಕರ ನಡುವೆ ಅವಕ್ಕೆ ‘ಮುಂಬೈ ಸ್ಪೆಷಲ್’ ಎಂಬ ಅಡ್ಡಹೆಸರೇ ಬಿದ್ದಿದೆ. ನಿಮ್ಮ ಮಾದರಿಗೆ ಕಂಪನಿ ಕೊಟ್ಟದ್ದು ಕಪ್ಪು ಡಯಲ್. ಕಿತ್ತಳೆ, ಹಳದಿ ಬಣ್ಣದ 6309-7040 ಕಂಡರೆ ಕೈಮುಗಿದು ಮುಂದೆ ಹೋಗಿ. ಡಯಲ್‌ನ ಕೆಳ ಅಂಚಿನಲ್ಲಿ, 6ರ ಗುರುತಿನ ಆಚೀಚೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ 6309ರಿಂದ ಆರಂಭವಾಗುವ ಸಂಖ್ಯೆ ಇರಬೇಕು. ಭೂತಗನ್ನಡಿಯಲ್ಲಿ ನೋಡಿದಾಗ ಆ ಅಕ್ಷರಗಳ ಅಂಚು ಚೂಪಾಗಿರಬೇಕು, ಹರಡಿರಬಾರದು. ಆ ಕಾಲದ ಈ ಮಾದರಿಯಲ್ಲಿ ಬೆಜೆಲ್, ಅಂದರೆ ಗಾಜಿನ ಸುತ್ತ ತಿರುಗುವ ಬಳೆ, ಟಕ್ ಟಕ್ ಎನ್ನುತ್ತ ಎರಡೂ ಕಡೆಗೆ ತಿರುಗುತ್ತದೆ; ಒಂದೇ ಕಡೆಗೆ ತಿರುಗುತ್ತಿದ್ದರೆ ಆ ಭಾಗ ಬೇರೆ ಕಡೆಯಿಂದ ಬಂದಿರಬಹುದು. ಗುಂಡಿಯನ್ನು ತಿರುಗಿಸಿ ಕೀಲಿ ಕೊಡಲು ನೋಡಬೇಡಿ, ಈ ಮಷಿನ್‌ಗೆ ಆ ಸೌಲಭ್ಯವೇ ಇಲ್ಲ. ಕೈಯ ಚಲನೆಯಿಂದ ಮಾತ್ರ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಗುಂಡಿ ಎಳೆದರೂ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ. ಎರಡೂ ದೋಷವಲ್ಲ, ಗುರುತು.

ಹಿಂಬದಿಯ ಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 82 ಎಂದರೆ 8ರಲ್ಲಿ ಕೊನೆಗೊಳ್ಳುವ ವರ್ಷದ ಫೆಬ್ರವರಿ. ಈ ಮಾದರಿ 1976ರಿಂದ 1988ರವರೆಗೆ ತಯಾರಾಗಿದ್ದರಿಂದ 1978 ಆಗಬಹುದು, 1988 ಆಗಬಹುದು. ಯಾವುದು ಎಂದು ಹೇಳಲು ನನಗಿಂತ ನಿಮಗೇ ಹೆಚ್ಚು ಪುರಾವೆ ಇದೆ. ನಿಮ್ಮ ಪ್ರಶ್ನೆಯನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ.

ಇನ್ನು ಆ ಬೆಣ್ಣೆ ಬಣ್ಣದ ಚುಕ್ಕೆಗಳು. ಕತ್ತಲಲ್ಲಿ ಹೊಳೆಯುವುದನ್ನೆಲ್ಲ ನಾವು ರೇಡಿಯಂ ಎನ್ನುತ್ತೇವೆ, ಸೈಕಲ್ಲಿನ ಹಿಂದೆ ಅಂಟಿಸುವ ಸ್ಟಿಕ್ಕರ್ ಕೂಡ ನಮಗೆ ರೇಡಿಯಮ್ಮೇ. ನಿಜವಾದ ರೇಡಿಯಂ ಬಳಿದ ಡಯಲ್‌ಗಳಿದ್ದದ್ದು ಹೆಚ್ಚಾಗಿ 1960ರ ದಶಕದ ಆರಂಭದವರೆಗೆ. ರೇಡಿಯಂನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಬೇಕಾದ ಕಾಲ, ಸುಮಾರು 1,600 ವರ್ಷ. ಅದರೊಂದಿಗೆ ಬೆರೆಸಿದ ಹೊಳೆಯುವ ಪುಡಿ ಸುಟ್ಟುಹೋಗಿ ಬೆಳಕು ನಿಂತಿದ್ದರೂ ವಿಕಿರಣ ನಿಂತಿರುವುದಿಲ್ಲ, ಹಾಗಾಗಿ ಅಂಥ ಡಯಲ್ಲನ್ನು ಮನೆಯಲ್ಲಿ ತೆರೆದು ಕೆರೆಯಬಾರದು. ಆಮೇಲೆ ಬಂದ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಆದ್ದರಿಂದ ಐವತ್ತು ವರ್ಷದ ಸ್ವಿಸ್ ವಾಚಿನಲ್ಲಿ ಅದರ ಹದಿನಾರನೆಯ ಒಂದು ಪಾಲೂ ಉಳಿದಿರುವುದು ಕಷ್ಟ. ದೀಪದ ಬೆಳಕು ಕುಡಿದು ರಾತ್ರಿಯಿಡೀ ಹೊಳೆಯುವ ಇಂದಿನ ಬಣ್ಣವನ್ನು ಜಪಾನಿನ ನೆಮೊಟೊ ಕಂಪನಿ ರೂಪಿಸಿದ್ದು 1993ರಲ್ಲಿ. ಇದರಿಂದ ನಿಮಗೆ ಖರ್ಚಿಲ್ಲದ ಪರೀಕ್ಷೆಯೊಂದು ಸಿಗುತ್ತದೆ: ವಾಚಿಗೆ ಟಾರ್ಚ್ ಹಿಡಿದು ಕತ್ತಲೆ ಕೋಣೆಗೆ ಒಯ್ಯಿರಿ. 1988ಕ್ಕಿಂತ ಈಚೆಗೆ ಬರಲಾರದ ವಾಚು ಬೆಳಗಿನವರೆಗೂ ಹೊಳೆಯುತ್ತಿದ್ದರೆ, ಯಾರೋ ಅದಕ್ಕೆ ಹೊಸ ಬಣ್ಣ ಹಚ್ಚಿದ್ದಾರೆ ಎಂದೇ ಅರ್ಥ.

ಗ್ಯಾಸ್ಕೆಟ್ ಬದಲಿಸಿ, ಎಣ್ಣೆ ಹಾಕಿಸಿ, ಸವೆದ ಗಾಲಿ ಬದಲಿಸಿ, ಅದಕ್ಕೆ ನನ್ನ ತಕರಾರಿಲ್ಲ. ಅವು ಸವೆಯುವುದಕ್ಕೆಂದೇ ಇರುವಂಥವು. ಡಯಲ್, ಮುಳ್ಳು, ಕೇಸಿನ ಅಂಚು, ಈ ಮೂರನ್ನು ಮುಟ್ಟಬೇಡಿ. ಬಫಿಂಗ್ ಯಂತ್ರದ ಅರ್ಧ ನಿಮಿಷಕ್ಕೆ ಹೋದ ಅಂಚು ಮತ್ತೆ ಬರುವುದಿಲ್ಲ.

ಉತ್ತರ: ನವನಗರದವ (ಬಾಗಲಕೋಟೆ)

ಎಲ್ಲರೂ ಮೆಚ್ಚುತ್ತಿರುವಾಗ ಒಬ್ಬನಾದರೂ ಬೇಡವೆನ್ನಬೇಕಲ್ಲವೇ? ನನ್ನ ಕೈಯಲ್ಲಿ ತಂದೆಯ ಎಚ್‌ಎಂಟಿ ಜನತಾ ಇದೆ. ಅದಕ್ಕೂ ಹದಿನೇಳು ಜ್ಯುವೆಲ್ (ಒಳಗಿನ ಗಾಲಿಗಳ ಅಚ್ಚು ಸವೆಯದಂತೆ ಕೂರಿಸಿದ ಹರಳು), ನಿಮ್ಮ ಸೀಕೊಗೂ ಹದಿನೇಳು. ಹಳೆಯ ಬಾಗಲಕೋಟೆಯ ನಮ್ಮ ಓಣಿ ಆಲಮಟ್ಟಿಯ ನೀರಿಗೆ ಹೋಯಿತು, ಈ ವಾಚು ಉಳಿಯಿತು. ಯಾವ ಗ್ಯಾಸ್ಕೆಟ್ಟೂ ಬೇಕಾಗಲಿಲ್ಲ. ನೀರಿಗೆಂದು ಮಾಡಿದ ವಾಚನ್ನು ನೀರಿಗೆ ಹಾಕಬಾರದು, ಕತ್ತಲಿಗೆಂದು ಹಚ್ಚಿದ ಬಣ್ಣ ಕತ್ತಲಲ್ಲಿ ಕಾಣಬಾರದು, ಹೊಳೆಯುವಂತೆ ಉಜ್ಜಲೂ ಬಾರದು, ಆದರೂ 28,000 ಕೊಡಬೇಕು ಎಂದರೆ ಇದು ನನಗೆ ಓಡದ ಎತ್ತಿಗೆ ಜಾತ್ರೆಯಲ್ಲಿ ಹೆಚ್ಚು ಬೆಲೆ ಹೇಳಿದ ಹಾಗೆ ಕೇಳಿಸುತ್ತದೆ. ನಾಳೆ ಮಾರುವ ಲಾಭದ ಆಸೆಯಿಂದಂತೂ ಕೊಳ್ಳಬೇಡಿ. ಈ ಮಾದರಿ ಹನ್ನೆರಡು ವರ್ಷ ತಯಾರಾಯಿತೆಂದು ಮೇಲಿನವರೇ ಬರೆದಿದ್ದಾರೆ, ಅಪರೂಪದ್ದೇನೂ ಅಲ್ಲ.

ಉತ್ತರ: ನೇತ್ರಾಣಿಗೆ ಇಳಿದವನು (ಬೆಳಗಾವಿ, ಟಿಳಕವಾಡಿ)

ನವನಗರದ ಅಣ್ಣನವರ ಮಾತಿನಲ್ಲಿ ನ್ಯಾಯವಿದೆ. ನಾನು ಸಂಗ್ರಾಹಕನಲ್ಲ, ಆದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೂರು ಸಲ ಡೈವಿಂಗ್ ಮಾಡಿದ್ದೇನೆ. ಗಾಜಿನ ಸುತ್ತಲಿನ ಆ ಬಳೆ ಯಾಕಿದೆ ಎಂಬುದನ್ನು ಇದುವರೆಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ.

ಬೆನ್ನಿನ ಸಿಲಿಂಡರಿನಿಂದ ಉಸಿರಾಡುವ ಅಕ್ವಾಲಂಗ್ ಸಾಧನವನ್ನು ಕೂಸ್ತೊ ಮತ್ತು ಗಾನ್ಯಾನ್ ರೂಪಿಸಿದ್ದು 1943ರಲ್ಲಿ. ಆಮೇಲೆ ಮನುಷ್ಯ ಮೀನಿನ ಹಾಗೆ ಓಡಾಡತೊಡಗಿದ, ಆದರೆ ಗಾಳಿ ಎಷ್ಟು ನಿಮಿಷಕ್ಕೆ ಸಾಲುತ್ತದೆ, ರಕ್ತದಲ್ಲಿ ಸಾರಜನಕ ಎಷ್ಟು ಸೇರುತ್ತದೆ ಎಂಬ ಎರಡೂ ಲೆಕ್ಕ ನಿಮಿಷದ ಮುಳ್ಳಿನ ಮೇಲೆಯೇ ನಿಂತಿದ್ದವು. ಫ್ರೆಂಚ್ ನೌಕಾಪಡೆಯ ಡೈವರ್‌ಗಳಾದ ಮಲೂಬಿಯೆ ಮತ್ತು ರಿಫೋ ತಮಗೆ ಬೇಕಾದ ವಾಚು ಸಿಗದೆ ಅಲೆದಾಡಿ ಕೊನೆಗೆ ಬ್ಲಾಂಪ್ಯಾನ್ ಕಂಪನಿಯ ಬಾಗಿಲಿಗೆ ಬಂದರು; ಅದರ ಮುಖ್ಯಸ್ಥ ಫಿಯೆಕ್ಟರ್ ಸ್ವತಃ ಡೈವರ್. 1953ರ ‘ಫಿಫ್ಟಿ ಫ್ಯಾದಮ್ಸ್’ ಹುಟ್ಟಿದ್ದು ಹೀಗೆ. ಐವತ್ತು ಫ್ಯಾದಮ್ ಎಂದರೆ ಸುಮಾರು 91 ಮೀಟರ್. ಅದೇ ಹೊತ್ತಿಗೆ ರೋಲೆಕ್ಸ್ ಸಬ್‌ಮರೀನರ್ ಬಂತು, ಸೀಕೊದ ಮೊದಲ ಡೈವಿಂಗ್ ವಾಚು ಬಂದದ್ದು 1965ರಲ್ಲಿ.

ನೀರಿಗೆ ಇಳಿಯುವಾಗ ಬಳೆಯ ಮೇಲಿನ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತರಬೇಕು. ಆಮೇಲೆ ಲೆಕ್ಕ ಬೇಡ, ಮುಳ್ಳು ಬಳೆಯ ಯಾವ ಅಂಕಿಯನ್ನು ತೋರಿಸುತ್ತದೆಯೋ ಅಷ್ಟು ನಿಮಿಷ ಕಳೆದಿವೆ. ಮುಂದಿನ ವಾಚುಗಳಲ್ಲಿ ಅದು ಒಂದೇ ಕಡೆಗೆ ತಿರುಗುವಂತೆ ಮಾಡಿದ್ದರ ಹಿಂದಿನ ಜಾಣತನ ನೋಡಿ: ಬಂಡೆಗೆ ತಗುಲಿ ಬಳೆ ಸರಿದರೂ, ಕಳೆದ ಸಮಯ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆಯೇ ಹೊರತು ಕಡಿಮೆಯಾಗಿ ಅಲ್ಲ, ಡೈವರ್ ಬೇಗ ಮೇಲೆ ಬರುತ್ತಾನೆ, ತಡವಾಗಿ ಅಲ್ಲ. ತಪ್ಪಿದರೂ ಜೀವದ ಕಡೆಗೇ ತಪ್ಪಬೇಕೆಂದು ಯೋಚಿಸಿ ಮಾಡಿದ ಯಂತ್ರ.

ನಾನು ಇಳಿದದ್ದು ಹನ್ನೆರಡು ಮೀಟರ್. ಬೆಳಕಿನಲ್ಲಿ ಮೊದಲು ಹೋಗುವುದು ಕೆಂಪು, ನನ್ನ ಕೈಯ ಕೆಂಪು ದಾರ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಮಯವನ್ನು ಲೆಕ್ಕ ಹಾಕುತ್ತಿದ್ದದ್ದು ಕೈಗೆ ಕಟ್ಟಿದ್ದ ಡೈವ್ ಕಂಪ್ಯೂಟರ್. ಅದು ಬಂದ ಮೇಲೆ ಈ ವಾಚುಗಳ ಕೆಲಸ ಹೋಯಿತು. ಆದರೆ ಗೆಳೆಯನ ಕೈಯಲ್ಲಿದ್ದ ಮುಳ್ಳಿನ ವಾಚಿನ ಕಪ್ಪು ಮೈ, ಬಿಳಿ ಚುಕ್ಕೆ, ದಪ್ಪ ನಿಮಿಷದ ಮುಳ್ಳು ನನಗೆ ಎರಡು ಮಾರು ದೂರದಿಂದಲೂ ಕಾಣುತ್ತಿದ್ದವು. ಸೆಕೆಂಡಿನ ಮುಳ್ಳಿನ ತುದಿಯ ಹತ್ತಿರ ಒಂದು ಹೊಳೆಯುವ ಚುಕ್ಕೆ ಯಾಕಿರುತ್ತದೆ ಎಂದು ಅಂದೇ ತಿಳಿಯಿತು: ಕತ್ತಲಲ್ಲಿ ಅದು ಸರಿಯುವುದು ಕಂಡರೆ ವಾಚು ಇನ್ನೂ ನಡೆಯುತ್ತಿದೆ ಎಂದರ್ಥ. ನಿಂತ ವಾಚನ್ನು ನಂಬಿ ಕುಳಿತರೆ ಅಲ್ಲಿ ಕೇಳುವವರಿಲ್ಲ.

ಕೊಂಡರೂ ನೀರಿಗೆ ಹಾಕಬೇಡಿ ಎಂದೇ ನಾನೂ ಹೇಳುತ್ತೇನೆ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಸಿ: ವಾಚನ್ನು ಕೈಗೆ ಬೆಚ್ಚಗೆ ತಾಗುವಷ್ಟು, 40 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿ, ಗಾಜಿನ ಮೇಲೆ ತಣ್ಣೀರಿನ ಒಂದು ಹನಿ ಇಟ್ಟು, ಒಂದು ನಿಮಿಷದ ಮೇಲೆ ಒರೆಸಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಒಳಗೆ ಆಗಲೇ ತೇವ ಸೇರಿದೆ.

ಉತ್ತರ: ಗುಮ್ಮಟದ ನೆರಳು (ವಿಜಯಪುರ)

ಎಲ್ಲರ ಉತ್ತರಗಳನ್ನು ಕಾಗದದ ಮೇಲೆ ಬರೆದುಕೊಂಡು ನಿನ್ನೆ ಸಂಜೆ ಅಂಗಡಿಗೆ ಹೋಗಿದ್ದೆ.

ಭೂತಗನ್ನಡಿಯ ತಂಗಿ ಹೇಳಿದ ಪುರಾವೆ ಹೊಳೆಯಲು ಎರಡು ದಿನ ಬೇಕಾಯಿತು. ಇತಿಹಾಸದವನಿಗೆ ಇದು ನಾಚಿಕೆಯ ಸಂಗತಿ. ಹಿರಿಯರು ಊರಿಗೆ ಮರಳಿದ್ದು 1984ರಲ್ಲಿ, ಆದ್ದರಿಂದ ವಾಚು 1988ರದ್ದಾಗಲಾರದು. ಮಕ್ಕಳು ತಂದೆಯ ಹಳೆಯ ಪಾಸ್‌ಪೋರ್ಟ್ ತಂದು ತೋರಿಸಿದರು, ಮುದ್ರೆಗಳು ಮಾತಿಗೆ ಹೊಂದಿದವು. 1978ರ ಫೆಬ್ರವರಿ ಎಂದು ಬರೆದುಕೊಂಡೆ. ಡಯಲ್‌ನ ಕೆಳ ಅಂಚಿನ ಸಂಖ್ಯೆ ಚೂಪಾಗಿದೆ. ಬಳೆ ಎರಡೂ ಕಡೆಗೆ ತಿರುಗುತ್ತದೆ.

ಆಮೇಲೆ ಟಾರ್ಚ್ ಹಿಡಿದು, ಅಂಗಡಿಯ ಷಟರ್ ಅರ್ಧ ಇಳಿಸಿ, ನಾವಿಬ್ಬರೂ ಮೇಜಿನ ಕೆಳಗೆ ಬಗ್ಗಿ ನೋಡಿದೆವು. ಡಯಲ್‌ನ ಚುಕ್ಕೆಗಳು ಎರಡು ಉಸಿರಿನಷ್ಟು ಹೊತ್ತು ಮಬ್ಬಾಗಿ ಕಂಡು ಆರಿದವು. ಬಳೆಯ ಮೇಲಿನ ಒಂದೇ ಒಂದು ಚುಕ್ಕೆ ಮಾತ್ರ ಹಸಿರಾಗಿ ಉರಿಯುತ್ತಲೇ ಇತ್ತು. ಬಳೆಯ ಮೇಲಿನ ಕಪ್ಪು ಉಂಗುರ ಈಚಿನದು ಎಂದು ರಿಪೇರಿಯವರೇ ಒಪ್ಪಿಕೊಂಡರು, ಹಳೆಯದು ಒಡೆದಿತ್ತಂತೆ. ಆ ಒಂದು ಚುಕ್ಕೆಯಿಂದಾಗಿ ಬೆಲೆ 23,000ಕ್ಕೆ ಇಳಿಯಿತು. ನವನಗರದ ಸಾಹೇಬರಿಗೆ ಇದೂ ಹೆಚ್ಚೇ ಎನಿಸಬಹುದು. ಮಾರುವ ಆಲೋಚನೆ ನನಗಿಲ್ಲ.

ಬೆಚ್ಚಗಿನ ಬಲ್ಬಿನ ಕೆಳಗಿಟ್ಟು ತಣ್ಣೀರಿನ ಹನಿಯ ಪರೀಕ್ಷೆಯನ್ನೂ ಮಾಡಿದೆವು. ಒರೆಸಿದಾಗ ಗಾಜಿನ ಒಳಗೆ ಜೋಳದ ಕಾಳಿನಷ್ಟು ಮಂಜು ಕಂಡಿತು, ನೋಡುನೋಡುತ್ತ ಮಾಯವಾಯಿತು. ರಿಪೇರಿಯವರು ಕಣ್ಣಿನ ಕನ್ನಡಿ ಮೇಲೆತ್ತಿ, “ಸರ, ಇದನ್ನ ಕಟ್ಕೊಂಡು ಹೊಳಿಗೆ ಹೋಗೂದು ದೂರ ಉಳೀತು, ಕೈ ತೊಳಿಯೂಮುಂದನೂ ಬಿಚ್ಚಿ ಇಡ್ರಿ” ಎಂದರು. ಮುಂಗಡ ಕೊಟ್ಟು, ಒಣಗಿಸಿ ಎಣ್ಣೆ ಹಾಕಲು ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಪಾಲಿಶ್ ಬೇಡವೆಂದು ಚೀಟಿಯ ಮೇಲೆ ಬರೆಸಿ ಸಹಿ ಮಾಡಿಸಿಕೊಂಡೆ.

ಉದ್ಯಮಬಾಗದ ಅಣ್ಣನವರೇ, ಭಾನುವಾರ ಹಿಂಬದಿಯ ಮುಚ್ಚಳ ತೆರೆಯುತ್ತಾರಂತೆ. ಗ್ಯಾಸ್ಕೆಟ್‌ನ ಒಳ ಅಳತೆ ಮತ್ತು ದಪ್ಪವನ್ನು ವರ್ನಿಯರ್‌ನಲ್ಲಿ ಹಿಡಿಸಿ ಇಲ್ಲಿಯೇ ಬರೆಯುತ್ತೇನೆ.